ಕೆನ್ನೆಗೆ ತಾಗಿಸಿ ನೋಡಿದ ನೀರು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಮೊದಲು ಕೈ ಸರಿಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಕೈ ಆಗುವಷ್ಟು ಸರಿಯಾಯಿತು. ಸೊಸೆಯ ಬಾಣಂತನ ಮುಗಿಯಲಿ ಎಂದುಕೊಂಡೆ. ಅದೂ ಮುಗಿದು, ಮೊಮ್ಮಗಳು ಈಗ ಒಳಗಿನಿಂದ ಚಿಲಕ ಹಾಕಿಕೊಂಡು ನಮ್ಮನ್ನು ಆಟವಾಡಿಸುವಷ್ಟು ದೊಡ್ಡವಳಾಗಿದ್ದಾಳೆ. ಹೋದ ತಿಂಗಳು ವಿಜಯಪುರದಿಂದ ಫೋನ್ ಬಂತು. ಯಾರ ಎದುರು ಕೂತು ಹೇಳಬೇಕಿತ್ತೋ ಅವರು ಬೆಳಗಿನ ಕಾಫಿ ಕುಡಿದು ಒರಗಿಕೊಂಡವರು ಮತ್ತೆ ಏಳಲಿಲ್ಲವಂತೆ. ಮುಂದಕ್ಕೆ ಹಾಕಲು ಇನ್ನು ನನ್ನಲ್ಲಿ ನೆಪಗಳಿಲ್ಲ.

ಅವರು ನನಗೆ ಬೀಗಿತ್ತಿ; ಸೊಸೆ ಶೋಭಳ ತಾಯಿ. ನಾವು ದೊಡ್ಡಬಳ್ಳಾಪುರದವರು. ಮನೆಯ ಹಿಂದೆಯೇ ಮಗ್ಗದ ಶೆಡ್ಡು ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ಮಗ್ಗಕ್ಕೆ ನಿಂತವನು ನಾನು, ಮತ್ತೆ ಬೇರೆ ಕಡೆ ಹೋದವನಲ್ಲ. ಬೀಗಿತ್ತಿಯ ಇಡೀ ಬದುಕು ನನಗೆ ಗೊತ್ತಿಲ್ಲ. ಲಂಗ ಉಡುವ ವಯಸ್ಸಿನಿಂದಲೇ ಪಕ್ಕದ ತಾಲ್ಲೂಕಿನ ವಿಜಯಪುರದಲ್ಲಿ, ಗೂಡಿನಿಂದ ನೂಲು ತೆಗೆಯುವ ರೇಷ್ಮೆ ಬಿಚ್ಚಾಣಿಕೆಯಲ್ಲಿ ದುಡಿದರು, ಗಂಡನನ್ನು ಬೇಗ ಕಳೆದುಕೊಂಡರು, ಇದ್ದ ಒಬ್ಬಳೇ ಮಗಳನ್ನು ನಮ್ಮ ಮನೆಗೆ ಕೊಟ್ಟರು. ಇಷ್ಟು ಬಿಟ್ಟರೆ, ನಾನು ಅವರನ್ನು ಹತ್ತಿರದಿಂದ ನೋಡಿದ್ದು ಒಂದೇ ಒಂದು ಮಳೆಗಾಲ. ನನಗೆ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿದ್ದ ಕಾಲ ಅದು.

ಮದುವೆಯಾದ ಮೇಲೆ ಮಗಳ ಮನೆಯಲ್ಲಿ ಒಂದು ಹೊತ್ತಿನ ಊಟಕ್ಕೂ ಹಿಂಜರಿಯುತ್ತಿದ್ದ ಹೆಂಗಸು ಆಕೆ. ಬಂದರೆ ಮಜ್ಜಿಗೆ ಕುಡಿದು, ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದರು. ಆದರೆ ನಾನು ಆಸ್ಪತ್ರೆಯಿಂದ ಮನೆಗೆ ಬಂದಾಗ ಶೋಭ ಬಸುರಿ. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ನನ್ನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಗ ಮಹೇಶನಿಗೆ ಮಗ್ಗ ಬಿಟ್ಟು ಬರಲಾಗದು. ಹಾಗಾಗಿ ಒಂದು ಬೆಳಗ್ಗೆ ಬೀಗಿತ್ತಿ ಬಟ್ಟೆಯ ಚೀಲ ಹಿಡಿದು ನನ್ನ ಮಂಚದ ಮುಂದೆ ನಿಂತಿದ್ದರು.

"ಬೀಗ್ರೇ, ನಾನೇನು ಮಗಳ ಮನೇಲಿ ಉಂಡು ಮಲಗಕ್ಕೆ ಬಂದಿಲ್ಲ. ನಿಮ್ಮನ್ನ ಎಬ್ಬಿಸಿ, ನಡೆಸಿ, ಹೊರಟೋಗ್ತೀನಿ."

"ನಾನು ಎದ್ರೆ ತಾನೇ?" ಅಂದೆ. ಆಗ ನನ್ನ ಬಾಯಿಯೂ ಒಂದು ಕಡೆಗೆ ಎಳೆದಿತ್ತು. ಮಾತು ಅರ್ಧಂಬರ್ಧ.

"ಏಳ್ದಿದ್ರೆ ನಾನು ಇಲ್ಲೇ ಇರಬೇಕಾಯ್ತದೆ. ನನ್ನ ಸಾರು ತಿಂದು ನೋಡಿ, ನೀವೇ ಓಡೋಗ್ತೀರ."

ಮೊದಲ ತೊಡಕು ಮುಟ್ಟುವುದರಲ್ಲೇ ಬಂತು. ಬೀಗಿತ್ತಿ ಬೀಗನ ಕೈ ಹಿಡಿಯುವುದು ನಮ್ಮ ಕಡೆ ಇಲ್ಲದ ಮಾತು. ಅವರು ಅದಕ್ಕೊಂದು ದಾರಿ ಕಂಡುಕೊಂಡರು. ನನ್ನ ಎಡ ಮುಂಗೈಗೆ ಟವೆಲ್ ಸುತ್ತಿ, ಟವೆಲ್ಲಿನ ತುದಿ ಹಿಡಿದು ಎಬ್ಬಿಸಿದರು. ಮಹೇಶ ಶೆಡ್ಡಿನ ಬಾಗಿಲಲ್ಲಿ ನಿಂತು ನಕ್ಕ. "ಅತ್ತೆ, ಹೋರಿ ಹಿಡ್ಕೊಂಡು ಸಂತೆಗೆ ಹೊರಟಂಗಿದೆ."

"ಹೋರಿ ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು ಕಣಪ್ಪಾ."

ವಾರಕ್ಕೊಮ್ಮೆ ಆಟೋದಲ್ಲಿ ಫಿಜಿಯೋಥೆರಪಿಗೆ ಹೋಗುತ್ತಿದ್ದೆವು. ಅಲ್ಲಿದ್ದ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ಟವೆಲ್ಲಿನ ಕಥೆ ಕೇಳಿ ಅವರು ನಗಲಿಲ್ಲ. "ಅಮ್ಮಾ, ಆ ಕೈ ಹಿಡಿದು ಎಳೀಲೇಬೇಡಿ. ಭುಜದ ಕೀಲು ಜಾರುತ್ತೆ. ಟವೆಲ್ ಸೊಂಟಕ್ಕೆ ಕಟ್ಟಿ, ಅಲ್ಲಿ ಹಿಡ್ಕೊಳ್ಳಿ," ಎಂದರು. ಅವತ್ತಿನಿಂದ ಟವೆಲ್ ಸೊಂಟಕ್ಕೆ ಬಂತು. ಸಂಕೋಚಕ್ಕೆಂದು ಬಂದಿದ್ದ ಬಟ್ಟೆ ಔಷಧವೂ ಆಯಿತಲ್ಲ ಎಂದು ಬೀಗಿತ್ತಿಗೆ ಖುಷಿಯೋ ಖುಷಿ.

"ಇಲ್ಲಿ ನಾನು ತೋರಿಸ್ತೀನಿ ಅಷ್ಟೇ, ಕೆಲಸ ಆಗೋದು ಮನೇಲಿ," ಎಂದು ಆ ಮೇಡಂ ಪ್ರತಿ ಸಲವೂ ಹೇಳುತ್ತಿದ್ದರು. ಬೀಗಿತ್ತಿ ಬಿಡುತ್ತಿರಲಿಲ್ಲ. "ಯಾಕೆ?" ಎನ್ನುವುದು ಅವರ ಬಾಯಲ್ಲಿ ಎಲೆಅಡಿಕೆಯ ಹಾಗೆ ಸದಾ ಇರುತ್ತಿತ್ತು. ಪಾದ ಯಾಕೆ ಒಳಕ್ಕೆ ತಿರುಗ್ತದೆ? ಆಕಳಿಸುವಾಗ ಮಲಗಿದ ಕೈ ತಾನಾಗೇ ಯಾಕೆ ಎದ್ದು ಬರ್ತದೆ? ಕಾಲಿಗಿಂತ ಕೈ ಯಾಕೆ ತಡ ಮಾಡ್ತದೆ? ಮೇಡಂ ಮೊದಮೊದಲು ಗಡಿಯಾರ ನೋಡುತ್ತಿದ್ದರು. ಆಮೇಲೆ ಬೀಗಿತ್ತಿಗೆ ಕೂರಲು ಕುರ್ಚಿ ಎಳೆದು ಕೊಡತೊಡಗಿದರು.

ಅವರಿಗೆ ಎಲ್ಲ ತಿಳಿದಿತ್ತು ಎಂದು ನಾನು ಹೇಳುತ್ತಿಲ್ಲ. ತಪ್ಪುಗಳನ್ನು ಧಾರಾಳವಾಗಿ ಮಾಡುತ್ತಿದ್ದರು. ಅಂಗಡಿಯಿಂದ ರಬ್ಬರ್ ಚೆಂಡು ತಂದು, "ಅಮುಕಿ, ಅಮುಕಿ," ಎಂದು ಹಗಲೆಲ್ಲ ನನ್ನ ಪ್ರಾಣ ತಿಂದರು. ಮೇಡಂ ಅದನ್ನು ಕೇಳಿ ಹಣೆ ಚಚ್ಚಿಕೊಂಡರು. "ಅವರ ಬೆರಳು ಮೊದಲೇ ಮುಷ್ಟಿ ಕಟ್ಟಿದೆ. ಅವರಿಗೆ ಮುಚ್ಚೋದಲ್ಲ, ಬಿಚ್ಚೋದು ಕಲಿಸಬೇಕು." ಬೀಗಿತ್ತಿಗೆ ಅವಮಾನವೇನೂ ಆಗಲಿಲ್ಲ. ಆಟೋದಲ್ಲಿ ಬರುವಾಗ, "ಹಿಡಿಯೋದು ಸುಲಭ, ಬಿಡೋದು ಕಷ್ಟವಂತೆ. ನೋಡಿ, ನನಗೆ ಇಷ್ಟು ದಿನ ಉಲ್ಟಾ ಗೊತ್ತಿತ್ತು," ಎಂದು ತಮ್ಮ ಕೈಯನ್ನೇ ತೆರೆದು ಮುಚ್ಚಿ ನೋಡಿಕೊಳ್ಳುತ್ತಿದ್ದರು. ಚೆಂಡು ಬೀದಿ ಮಕ್ಕಳ ಪಾಲಾಯಿತು.

ಮುಂದಿನ ಸಲ ಊರಿಗೆ ಹೋಗಿ ಬಂದಾಗ ಒಂದು ಚೀಲ ತೂತು ಬಿದ್ದ ರೇಷ್ಮೆಗೂಡು ತಂದರು. ಚಿಟ್ಟೆ ಹೊರಗೆ ಹೋದ ಮೇಲೆ ನೂಲಿಗೆ ಬಾರದ ಗೂಡು ಅವು. ನಾನು ಎಡಗೈಯಲ್ಲಿ ಒಂದನ್ನು ತೆಗೆದುಕೊಂಡು ಬೋಸಿಗೆ ಹಾಕಬೇಕು. ಹಾಕುವುದೆಂದರೆ ಬೆರಳು ಬಿಡಿಸಬೇಕು. ಜಾಸ್ತಿ ಬಿಗಿ ಹಿಡಿದರೆ ಗೂಡು ತಗ್ಗಾಗಿ, ಎಷ್ಟು ಅಮುಕಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. "ಈ ಗೂಡು ಸುಳ್ಳು ಹೇಳಲ್ಲ ಬೀಗ್ರೇ," ಎನ್ನುತ್ತಿದ್ದರು.

ಒಂದು ದಿನ ನನಗೆ ವಿಪರೀತ ಸಿಟ್ಟು ಬಂತು. ಹಿತ್ತಲಲ್ಲಿ ಬೀಗಿತ್ತಿ ಎಡಗೈ ಮಡಿಸಿಕೊಂಡು, ಎಡಗಾಲು ಎಳೆಯುತ್ತ, ಸೊಂಟ ಎತ್ತಿ ಎತ್ತಿ ನಡೆಯುತ್ತಿದ್ದರು. ಥೇಟ್ ನನ್ನ ಹಾಗೆ. ಶೆಡ್ಡಿನಲ್ಲಿ ಕೆಲಸಕ್ಕಿದ್ದ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ಅಣಕಿಸ್ತಿದೀರಾ?" ಎಂದು ಕಿಟಕಿಯಿಂದಲೇ ಕೂಗಿದೆ.

ಅವರು ನಿಲ್ಲಿಸಲೇ ಇಲ್ಲ. "ತಾಳಿ ಬೀಗ್ರೇ. ನೀವು ಎಲ್ಲಿ ಬೀಳ್ತೀರ ಅಂತ ನೋಡ್ತಿದೀನಿ. ತಿರುಗಕ್ಕೆ ಹೋದಾಗ ಬೀಳಂಗಾಗ್ತದೆ, ನೇರ ನಡೆಯುವಾಗ ಅಲ್ಲ. ಬಚ್ಚಲ ಹತ್ರ ನೀವು ಹೆಂಗೆ ತಿರುಗ್ತೀರ?" ಆ ಸಂಜೆಯೇ ಬಚ್ಚಲ ಮುಂದಿನ ಚೊಂಬು, ಬಕೆಟ್ಟು, ಒರೆಸುವ ಬಟ್ಟೆ ಎಲ್ಲ ಜಾಗ ಖಾಲಿ ಮಾಡಿದವು. ನನಗೆ ಮಾತ್ರ ಹುಡುಗಿಯರ ನಗುವೇ ಕಿವಿಯಲ್ಲಿ ಉಳಿಯಿತು.

ನಡಿಗೆ ನೋಡುವುದು ಅವರಿಗೆ ಒಂದು ಹುಚ್ಚೇ ಆಗಿಹೋಯಿತು. ಸಂಜೆ ಜಗಲಿಯ ಮೇಲೆ ನನ್ನನ್ನು ಕೂರಿಸಿ, ಬೀದಿಯಲ್ಲಿ ಹೋಗುವವರ ಕಾಲನ್ನೇ ನೋಡುತ್ತ ಕೂರುತ್ತಿದ್ದರು. "ಆಯಮ್ಮ ಯಾರತ್ರಾನೋ ಜಗಳ ಆಡ್ಕೊಂಡು ಬರ್ತಾವ್ಳೆ." "ಆಯಪ್ಪಂಗೆ ಮಂಡಿ ನೋವು, ಬಲಗಡೆ. ನೋಡಿ ಹೆಂಗೆ ವಾಲ್ತಾವ್ನೆ." ಆ ಮಂಡಿ ನೋವಿನ ಯಜಮಾನ ನಮ್ಮ ಮನೆ ಮುಂದೆ ಎಡವಿದಾಗ ಪಂಚೆಯ ಮರೆಯಿಂದ ಕ್ವಾರ್ಟರ್ ಬಾಟಲಿ ಉರುಳಿ ಮೋರಿಗೆ ಹೋಯಿತು. ಬೀಗಿತ್ತಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನನ್ನ ಡಾಕ್ಟರಿಕೆ ಇಷ್ಟೇ ಬೀಗ್ರೇ." ಲಕ್ವ ಹೊಡೆದ ಮೇಲೆ ನಾನು ಬಾಯಿ ತುಂಬ ನಕ್ಕಿದ್ದು ಅವತ್ತೇ ಮೊದಲು.

ಈಗ ಅವರ ಕೈಯ ವಿಷಯ ಹೇಳಬೇಕು. ಬಿಚ್ಚಾಣಿಕೆಯಲ್ಲಿ ಬೇಯಿಸಿದ ಗೂಡು ಬಿಸಿನೀರಿನಲ್ಲೇ ತೇಲುತ್ತಿರುತ್ತದೆ. ಎಳೆಯ ತುದಿ ಹುಡುಕಲು ಅದೇ ನೀರಿಗೆ ಬೆರಳು ಹಾಕಬೇಕು, ಮತ್ತೆ ಮತ್ತೆ, ಬದುಕಿಡೀ. ಬೀಗಿತ್ತಿಯ ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ, ಗೆರೆಯೇ ಇಲ್ಲದ ಹಾಗಿದ್ದವು. ಆಧಾರ್ ಮಾಡಿಸಲು ಹೋದಾಗ ಯಂತ್ರ ಅವರ ಬೆರಳನ್ನು ಒಪ್ಪಲೇ ಇಲ್ಲವಂತೆ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದರು. ಶೋಭ ಕಿರುಚಿದರೆ, "ನನಗೇನೂ ಆಗಲ್ಲ ಬಿಡೇ," ಎನ್ನುತ್ತಿದ್ದರು.

ಹಾಗೆಂದು ಆ ಕೈಯನ್ನು ಅವರು ನಂಬುತ್ತಿರಲಿಲ್ಲ. ಬೆರಳು ಬಿಡಿಸುವ ಮುಂಚೆ ನನ್ನ ಎಡಗೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕಿತ್ತು. "ಅವರಿಗೆ ಬಿಸಿ ಗೊತ್ತಾಗದೇ ಇರಬಹುದು, ಬೇರೆಯವರೇ ನೋಡಿ ಇಡಬೇಕು," ಎಂದು ಮೇಡಂ ಎಚ್ಚರಿಸಿದ್ದರು. ಬೀಗಿತ್ತಿ ಪ್ರತಿ ಸಲವೂ ಟವೆಲ್ಲಿನ ಮೂಲೆ ನೀರಿಗೆ ಅದ್ದಿ ತಮ್ಮ ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ಆಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ದೂರದಿಂದ ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವರ ಹಾಗೆ. "ಕೈ ಬೆಂದೋಗದೆ ಬೀಗ್ರೇ. ಅದಕ್ಕೇ ಕೆನ್ನೆ ಇಟ್ಕೊಂಡಿದೀನಿ."

ನನ್ನ ಕೈಯ ವಿಷಯವನ್ನೂ ಹೇಳಬೇಕು. ಶೆಡ್ಡಿನಲ್ಲಿ ಕಿಟಕಿಯ ಪಕ್ಕದ ಮಗ್ಗ ನನ್ನದು. ಮಗ್ಗದ ಉದ್ದಕ್ಕೆ ಹಾಸಿದ ಎಳೆ ತುಂಡಾದರೆ ಗಂಟು ಹಾಕಲು ಎರಡು ಕೈಯೂ ಬೇಕು, ಬೆರಳ ತುದಿಗೆ ಎಳೆ ಇದೆಯೋ ಇಲ್ಲವೋ ಗೊತ್ತಾಗಬೇಕು. ಮಹೇಶ ಕೆಟ್ಟವನಲ್ಲ. "ಅಪ್ಪನ ಕೈ ಬರೋ ಹಾಗಿದ್ರೆ ಮಗ್ಗ ಇರಲಿ. ಇಲ್ಲಾಂದ್ರೆ ಬಿಚ್ಚಿ ಹಾಕೋಣ, ಆ ಜಾಗಕ್ಕೆ ಹೊಸದು ಬರುತ್ತೆ," ಎಂದು ಶೋಭಳ ಹತ್ತಿರ ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ಫಿಜಿಯೋ ಮೇಡಂ ಕಣ್ಣು ಮುಚ್ಚಿಸಿ, ಹತ್ತಿಯಿಂದ ನನ್ನ ಬೆರಳು ಮುಟ್ಟಿ, "ಎಲ್ಲಿ ಮುಟ್ಟಿದೆ ಹೇಳಿ," ಎನ್ನುತ್ತಿದ್ದರು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ರೆಪ್ಪೆಯ ಸಂದಿಯಿಂದ ನೋಡಿ, "ಹೆಬ್ಬೆಟ್ಟು," "ಕಿರುಬೆರಳು," ಎನ್ನುತ್ತಿದ್ದೆ. ಅವರು ಸಂತೋಷಪಡುತ್ತಿದ್ದರು. ಮಹೇಶನೂ ಸಂತೋಷಪಡುತ್ತಿದ್ದ. ನನ್ನ ಮಗ್ಗ ಇದ್ದಲ್ಲೇ ಇತ್ತು.

ಒಂದು ಸಲ ವಾಪಸ್ ಬರುವಾಗ ಬೀಗಿತ್ತಿ ಆಟೋದ ಸದ್ದಿನಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದರು: "ಬೀಗ್ರೇ, ನೀವು ಕಣ್ಣು ಪೂರ್ತಿ ಮುಚ್ಚಲ್ಲ."

ನಾನು ಹೊರಗೆ ನೋಡಿದೆ.

"ಗೊತ್ತಾಗ್ತದೆ ಅಂದ್ರೆ ಆಯಮ್ಮ ಬೇರೆ ಪಾಠ ಹೇಳ್ಕೊಡ್ತಾರೆ. ಗೊತ್ತಾಗಲ್ಲ ಅಂದ್ರೆ ಬೇರೆ ಪಾಠ ಇರ್ತದೆ. ಮೋಸ ಹೋಗೋದು ನಿಮ್ಮ ಕೈಯಿ." ಮಗಳಿಗಾಗಲಿ ಅಳಿಯನಿಗಾಗಲಿ ಈ ಮಾತನ್ನು ಅವರು ಹೇಳಲಿಲ್ಲ. ನನ್ನ ಗುಟ್ಟನ್ನು ಕಾಪಾಡಿದರು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಕೆಲವು ದಿನಗಳ ನಂತರ, ಮಧ್ಯಾಹ್ನ. ಬೀಗಿತ್ತಿ ಒಲೆಯಿಂದ ಇಳಿಸಿದ ಬಿಸಿನೀರಿನ ಬೋಸಿಯನ್ನು ನನ್ನ ಪಕ್ಕದ ಬೆಂಚಿನ ಮೇಲಿಟ್ಟರು. ಇನ್ನೂ ತಣ್ಣೀರು ಬೆರೆಸಿರಲಿಲ್ಲ. ಅಷ್ಟರಲ್ಲಿ ಹನಿ ಬಿತ್ತು. "ಬಟ್ಟೆ ನೆಂದೋಯ್ತವೆ, ಬಂದೆ," ಎಂದು ಹಿತ್ತಲಿಗೆ ಓಡಿದರು.

ನಾನು ಹಬೆ ನೋಡುತ್ತ ಕೂತೆ. ಹತ್ತಿ ಗೊತ್ತಾಗದಿದ್ದರೂ ಬಿಸಿಯಾದರೂ ಗೊತ್ತಾದೀತು ಎನ್ನಿಸಿತು. ಬಲಗೈಯಿಂದ ಎಡಗೈ ಎತ್ತಿ ಬೋಸಿಯೊಳಗೆ ಬಿಟ್ಟೆ. ಏನೂ ಇಲ್ಲ. ನೋವಿಲ್ಲ, ಬಿಸಿ ಇಲ್ಲ. ಬೇರೆ ಯಾರದೋ ಕೈ ನೋಡಿದ ಹಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೇನೋ ಎಂದು ಕಾದೆ. ಕೈ ಕೆಂಪಗಾಗುವುದನ್ನು ಕಣ್ಣಿನಿಂದ ಕಂಡ ಮೇಲೇ ಹೊರಗೆ ತೆಗೆದದ್ದು. ಟವೆಲ್ ಮುಚ್ಚಿಕೊಂಡೆ.

ಬೀಗಿತ್ತಿ ಬಂದರು. ತಣ್ಣೀರು ಬೆರೆಸಿದರು. ಟವೆಲ್ಲಿನ ಮೂಲೆ ಅದ್ದಿ, ಕಣ್ಣು ಮುಚ್ಚಿ, ಕೆನ್ನೆಗೆ ತಾಗಿಸಿ ನೋಡಿದರು. ನಾನು ನೋಡುತ್ತಿದ್ದೆ. ಆಮೇಲೆ ಟವೆಲ್ ಸರಿಸಿ, ನನ್ನ ಕೈ ನೀರಿಗೆ ಇಡುತ್ತ, "ಇವತ್ತೇನು ಕೆಂಪಗದೆ? ರಕ್ತ ಓಡ್ತಾ ಇರಬೇಕು," ಎಂದು ಸಂತೋಷಪಟ್ಟರು.

ಸಂಜೆ ಹೊತ್ತಿಗೆ ಮುಂಗೈ ಮೇಲೆಲ್ಲ ಬೊಬ್ಬೆ ಎದ್ದಿತ್ತು. ಮಹೇಶ ಅದನ್ನು ಕಂಡವನೇ ಬೆಚ್ಚಿಬಿದ್ದ. ಅವನ ದನಿ ಎಂದೂ ಅತ್ತೆಯ ಮುಂದೆ ಏರಿದ್ದಿಲ್ಲ, ಅವತ್ತು ಏರಿತು.

"ಅತ್ತೆ, ನಿಮ್ಮ ಕೈ ಬಿಸಿನೀರಲ್ಲೇ ಬೆಂದಿರೋ ಕೈ. ನಿಮಗೆ ಗೊತ್ತಾಗಲ್ಲ, ಅಪ್ಪಂಗೂ ಬಿಸಿ ಇನ್ನೂ ಸರಿಯಾಗಿ ಗೊತ್ತಾಗಲ್ಲ. ಶೋಭನ್ನ ಕರೆದು ತೋರಿಸಬಾರದಿತ್ತಾ?"

"ಕೆನ್ನೆಗಿಟ್ಟು ನೋಡ್ದೆ ಕಣಪ್ಪಾ." ಅವರು ನಿಂತಲ್ಲೇ ಯೋಚಿಸಿದರು. "ನೋಡ್ದೆ ಅನ್ಕೊಂಡಿದೀನಿ. ಮಳೆ ಬಂತು, ಬಟ್ಟೆ ತರಕ್ಕೆ ಓಡ್ದೆ, ಬಂದೆ..." ಆಮೇಲೆ ನನ್ನ ಕಡೆ ತಿರುಗಿದರು. ಅದರಲ್ಲಿ ದೂರು ಇರಲಿಲ್ಲ. ಫಿಜಿಯೋ ಮೇಡಂ ಅವರನ್ನು ಕೇಳುತ್ತಿದ್ದರಲ್ಲ, ಹಾಗೆ, ತಿಳಿದುಕೊಳ್ಳಲೆಂದೇ ಕೇಳಿದರು. "ಬೀಗ್ರೇ, ನೀವು ಎದುರಿಗೇ ಇದ್ರಲ್ಲ. ನಾನು ಕೆನ್ನೆಗಿಟ್ಟು ನೋಡಿದ್ನಾ?"

ನಿಜ ಹೇಳಿದ್ದರೆ, ಯಾಕೆ ಕೈ ಅದ್ದಿದೆ ಎಂದು ಹೇಳಬೇಕಿತ್ತು. ಏನೂ ಗೊತ್ತಾಗಲಿಲ್ಲ ಎಂದು ಹೇಳಬೇಕಿತ್ತು. ಮಹೇಶ ಅಲ್ಲೇ ನಿಂತಿದ್ದ.

"ನಾನು ಗಮನಿಸಲಿಲ್ಲಮ್ಮ," ಎಂದೆ.

ಅವರು ತಮ್ಮ ಎರಡೂ ಕೈ ಎತ್ತಿ, ಅಂಗೈ ಹೊರಳಿಸಿ ನೋಡಿಕೊಂಡರು. "ಹಂಗಾದ್ರೆ ನೋಡಿಲ್ಲ," ಎಂದರು.

ಯಾರೂ ಅವರನ್ನು ಹೋಗಿ ಎನ್ನಲಿಲ್ಲ. ಅವರೇ ಚೀಲ ತುಂಬಿಕೊಂಡರು. ಶೋಭ ಅತ್ತಳು. ಬಸ್ಸಿಗೆ ಹೊರಡುವ ಮುಂಚೆ ನನ್ನ ಸೊಂಟಕ್ಕೆ ಟವೆಲ್ ಕಟ್ಟುವುದು ಹೇಗೆಂದು ಮಹೇಶನಿಗೆ ತೋರಿಸಿಕೊಟ್ಟರು. ಗೂಡಿನ ಚೀಲ ನನ್ನ ಮಂಚದ ಕೆಳಗೇ ಉಳಿಯಿತು.

ಮುಂದಿನ ವಾರ ನಾನು ಫಿಜಿಯೋ ಮೇಡಂಗೆ, ಎಡಗೈಯಲ್ಲಿ ಏನೂ ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಂಡೆ. ಬೊಬ್ಬೆ ಮುಟ್ಟಿದರೂ ಗೊತ್ತಾಗದವನು ಹತ್ತಿ ಗೊತ್ತಾಗುತ್ತದೆ ಎಂದು ಎಷ್ಟು ದಿನ ಹೇಳಲಾದೀತು? ಅವರು ಬೇರೆಯೇ ಪಾಠ ಶುರು ಮಾಡಿದರು, ಬೀಗಿತ್ತಿ ಹೇಳಿದ್ದ ಹಾಗೆಯೇ. ಒರಟು ಗೋಣಿ, ನಯವಾದ ರೇಷ್ಮೆ, ತಣ್ಣನೆಯ ಲೋಟ. ಒಂದೊಂದನ್ನೂ ಕಣ್ಣಿನಿಂದ ನೋಡುತ್ತ ಮುಟ್ಟಬೇಕು, ಆಮೇಲೆ ಕಣ್ಣು ಮುಚ್ಚಿ ಮುಟ್ಟಬೇಕು. ಮನೆಯಲ್ಲಿ ಒಬ್ಬನೇ ಕೂತು ಗೂಡು ಎತ್ತಿ ಬೋಸಿಗೆ ಹಾಕುತ್ತಿದ್ದೆ. ಮಹೇಶ ನನ್ನ ಮಗ್ಗ ಬಿಚ್ಚಲಿಲ್ಲ. ನಾನು ಅಷ್ಟು ಹೆದರಿದ್ದ ಮಾತು ಅವನ ಬಾಯಿಂದ ಮತ್ತೆ ಬರಲೇ ಇಲ್ಲ.

ಶೋಭಳಿಗೆ ಹೆರಿಗೆಯಾದ ಮೇಲೆ ಮಗು ನೋಡಲು ವಿಜಯಪುರಕ್ಕೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಬಚ್ಚಲಲ್ಲಿ ಪಕ್ಕದ ಮನೆಯಾಕೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಮೊಮ್ಮಗಳಿಗೆ ಎರೆಯಬೇಕಾದ ಅಜ್ಜಿ ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತಿದ್ದರು.

"ಅಮ್ಮ ನೀರು ಮುಟ್ಟೋದೇ ಇಲ್ಲ ಮಾವ," ಎಂದಳು ಶೋಭ. "ಎಷ್ಟು ಹೇಳಿದ್ರೂ ಅಷ್ಟೇ. ಕೆನ್ನೆಗಿಟ್ಟು ನೋಡಮ್ಮ ಅಂದ್ರೆ, ನೋಡೋದೂ ಮರೆತೋಯ್ತದೆ ನಂಗೆ ಅಂತಾಳೆ."

ಬೀಗಿತ್ತಿ ನನ್ನನ್ನು ಕಂಡವರೇ ಮೊದಲು ಮುಖ ನೋಡಲಿಲ್ಲ, ಕಾಲು ನೋಡಿದರು. "ಹಿಮ್ಮಡಿ ಊರ್ತಿದೀರ! ನಡೀರಿ ಇನ್ನೊಂದ್ಸಲ." ನಡುಮನೆಯಲ್ಲಿ ನನ್ನನ್ನು ಅತ್ತಿಂದಿತ್ತ ನಡೆಸಿದರು. "ತಿರುಗಿ. ಹಾಂ." ಆಮೇಲೆ ಎದುರು ಕೂತು, ನನ್ನ ಮುಂಗೈ ಮೇಲಿನ ಕಲೆಯನ್ನು ಕಂಡು, ಟವೆಲ್ಲಿಲ್ಲದೆ ತಮ್ಮ ನುಣುಪು ಬೆರಳಿನಿಂದ ಮೆಲ್ಲಗೆ ಒತ್ತಿದರು.

"ಕಣ್ಣು ಮುಚ್ಚಿ. ಪೂರ್ತಿ ಮುಚ್ಚಬೇಕು. ಗೊತ್ತಾಗ್ತದಾ?"

"ಗೊತ್ತಾಗ್ತದೆ." ಆ ಸಲ ನಾನು ಸುಳ್ಳು ಹೇಳಿರಲಿಲ್ಲ.

ಕಣ್ಣು ಮುಚ್ಚಿಕೊಂಡೇ ಶುರು ಮಾಡಿದೆ. "ಅವತ್ತಿನ ನೀರಿನ ವಿಷಯ..."

"ಅಯ್ಯೋ, ಬಿಡಿ ಬೀಗ್ರೇ. ತಪ್ಪು ನಂದು, ಈ ಕೈದು. ನೀವು ಯಾಕೆ ಅದನ್ನ ಎತ್ತಾಡ್ತೀರ?" ಎಂದು ಕಾಫಿಗೆ ಎದ್ದುಹೋದರು.

ಅವರು ಬಿಡಿ ಎಂದರು, ನಾನು ಬಿಟ್ಟುಬಿಟ್ಟೆ. ನಾಲಿಗೆ ತಿರುಗದ್ದಕ್ಕೆ ಲಕ್ವವನ್ನು ದೂರುವ ಹಾಗೂ ಇರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಮಾತು ಪೂರ್ತಿ ಸರಿಯಾಗಿತ್ತು.

ಆಮೇಲೆ ಎಷ್ಟೋ ಸಲ ಸಿಕ್ಕಿದರು. ನಾಮಕರಣದಲ್ಲಿ, ಹಬ್ಬಗಳಲ್ಲಿ. ಪ್ರತಿ ಸಲವೂ ನನ್ನ ಕಾಲು ನೋಡಿದರು, ಕೈ ಬಿಚ್ಚಿಸಿ ನೋಡಿದರು, ಏನೋ ಒಂದು ಕೇಳಿದರು. ಬಿಸಿಯಾದ ಯಾವುದನ್ನೂ ಇನ್ನೊಬ್ಬರಿಗೆ ತಮ್ಮ ಕೈಯಾರೆ ಕೊಡಲಿಲ್ಲ. ಕಾಫಿ ಲೋಟವನ್ನು ಕೂಡ ಶೋಭಳ ಕೈಗೇ ಕೊಟ್ಟು ಕಳಿಸುತ್ತಿದ್ದರು. ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಿದ್ದವರು ಆ ದಿನದ ಬಗ್ಗೆ ಮಾತ್ರ ಮತ್ತೆ ಯಾಕೆ ಎಂದು ಕೇಳಲಿಲ್ಲ. ಅದೇ ನನಗೆ ಇವತ್ತಿಗೂ ಅರ್ಥವಾಗದ್ದು. ಗೊತ್ತಿತ್ತೇ ಅವರಿಗೆ? ಕೆಂಪಗಿದ್ದ ಕೈಯನ್ನು ನೀರಿಗೆ ಇಡುವ ಮುಂಚೆಯೇ ನೋಡಿದ್ದರಲ್ಲ? ಗೊತ್ತಿದ್ದರೆ ಮಗುವಿಗೆ ನೀರು ಹಾಕಲು ಯಾಕೆ ಹೆದರಿದರು? ಹೆದರಿದರೆಂದರೆ ಗೊತ್ತಿರಲಿಲ್ಲ ಎಂದೇ ಅರ್ಥ. ನನ್ನ ಮಾತನ್ನು ಅವರು ನಂಬಿದ್ದರು.

ತಿಥಿ ಮುಗಿಸಿಕೊಂಡು ಬಂದ ಮೇಲೆ, ನಿನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಶೋಭಳಿಗೆ ಎಲ್ಲ ಹೇಳಿದೆ. ಅವಳು ಒಲೆ ಆರಿಸಿ, ನನ್ನ ಕಡೆ ತಿರುಗದೆ ಕೇಳಿದಳು.

"ಅವತ್ತು ಅಮ್ಮ ಕೆನ್ನೆಗಿಟ್ಟು ನೋಡಿದ್ಲಾ ಮಾವ?"

"ನೋಡಿದ್ರು ಕಣಮ್ಮ. ಕಣ್ಣು ಮುಚ್ಚಿ ನೋಡಿದ್ರು."

ಅವಳು ಮತ್ತೆ ಒಲೆ ಹಚ್ಚಿದಳು. ಇವತ್ತು ನನ್ನ ತಟ್ಟೆಗೆ ಊಟ ಬಡಿಸಿದಳು, ಮಾತಾಡಿಲ್ಲ. ಆಡಬೇಕೆಂದು ನಾನು ಕೇಳಲಾರೆ.

ನಮ್ಮ ಮನೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಮಗಳಿಗೆ ಅಮ್ಮ, ಅಳಿಯನಿಗೆ ಅತ್ತೆ, ಮೊಮ್ಮಗಳಿಗೆ ಅಜ್ಜಿ, ನನಗೆ ಬೀಗಿತ್ತಿ. ತಪ್ಪಾಯಿತು ಎಂದು ಹೇಳಬೇಕಾದರೆ ಯಾರಿಗೆ ಎಂದು ಹೇಳಬೇಕು. ಆ ಮಧ್ಯಾಹ್ನ ನೀರು ಸರಿಯಾಗಿತ್ತು. ಅದನ್ನು ಕೆನ್ನೆಗೆ ತಾಗಿಸಿ ನೋಡಿ ನನ್ನ ಕೈ ಇಟ್ಟವರ ಹೆಸರು ಚೌಡಮ್ಮ.